ಜಲೇಬಿ ಸಹಿ

ಹೋದ ತಿಂಗಳು ಒಂದು ಬೆಳಿಗ್ಗೆ ಕಾಫಿ ಕುಡಿದು ಪೇಪರು ಬಿಡಿಸಿಕೊಂಡು ಕೂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಣ್ಣು ದನಿ. "ಅಂಕಲ್, ನಾನು ಅಹಮದಾಬಾದಿನಿಂದ ಮಾತಾಡ್ಲಿಕತ್ತೀನಿ. ನೀವು ಟೆಸ್ಟ್ ರೂಮಿನ್ಯಾಗ ಪಪ್ಪಾನ ಜೋಡಿ ಇದ್ರಿ ಅಲ್ಲ? ಪಪ್ಪಾ ಹೋದ್ರು, ಅಂಕಲ್. ಹತ್ತು ದಿವಸ ಆತು. ಸಾರಿ, ನಂದು ಕನ್ನಡ ಭಾಳ ಕಚ್ಚಾ ಅದ."

ನಾನು ಅವಳನ್ನು ಕೊನೆಯ ಸಲ ನೋಡಿದಾಗ ಅವಳು ಎರಡು ಜಡೆ ಹಾಕಿಕೊಂಡು ಗುಜರಾತಿ ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಈಗ ಅವಳ ಮಗಳೇ ಕಾಲೇಜಿಗೆ ಹೋಗುತ್ತಾಳಂತೆ. ಕೇಳಬೇಕಾದ್ದನ್ನೆಲ್ಲ ಕೇಳಿದೆ. ನೋವಿಲ್ಲದೆ ಹೋದರಂತೆ. ಆಮೇಲೆ ಅವಳು, "ಪಪ್ಪಾನ ನೋಟ್‌ಬುಕ್ ಭಾಳ ಅವ. ಬರೇ ನಂಬರ್. ಮನ್ಯಾಗ ಯಾರಿಗೂ ತಿಳಿಯೂದಿಲ್ಲ. ರದ್ದಿಗೆ ಹಾಕೂಕಿಂತ ನಿಮಗ ಕಳಸ್ಲಿ?" ಎಂದಳು. ಕಳಿಸಮ್ಮ ಎಂದೆ. "ಪಪ್ಪಾ ನಿಮ್ಮ ಬಗ್ಗೆ ಹೇಳ್ತಿದ್ರು. ಇಲ್ಲೆ ಕೆಲಸಾ ನೀವು ನೋಡ್ಕೋತೀರಿ ಅಂತ ಅವರು ತಾವೇ ಕೇಳಿ ಸೂರತ್‌ಗೆ ಟ್ರಾನ್ಸ್‌ಫರ್ ತಗೊಂಡ್ರಲ್ಲ?"

ಹೌದಮ್ಮ ಎಂದೆ. ಮೂವತ್ತು ವರ್ಷದ ಮೇಲೂ ಸುಳ್ಳು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಅವರು ಕೇಳಿ ಹೋದದ್ದಲ್ಲ. ಅವರನ್ನು ಅಲ್ಲಿಗೆ ಕಳಿಸಿದರು, ಮತ್ತು ಅದಕ್ಕೆ ಕಾರಣ ನಾನು. ಇದನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ ಎಂದು ಆ ಫೋನಿನಲ್ಲೇ ನನಗೆ ತಿಳಿದದ್ದು. ಆದ್ದರಿಂದ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಹೆಂಡತಿ ಮಕ್ಕಳಿಂದ ಮುಚ್ಚಿಟ್ಟದ್ದನ್ನು ಬಿಚ್ಚುವ ಹಕ್ಕು ನನಗಿಲ್ಲ. ನನ್ನ ಪಾಲಿನದನ್ನು ಮಾತ್ರ ಬಿಚ್ಚುತ್ತೇನೆ.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಧಾರವಾಡದ ಕಡೆಯ ನಮ್ಮವರಿಗೂ ಚಿಕ್ಕಪ್ಪ ಎಂದರೆ ಕಾಕಾ, ಗುಜರಾತಿಗಳಿಗೂ ಕಾಕಾ. ಹಾಗಾಗಿ ಆ ಹೆಸರಿಗೆ ಆಫೀಸಿನಲ್ಲಿ ಯಾರ ತಕರಾರೂ ಇರಲಿಲ್ಲ. ನಮ್ಮ ಆಫೀಸು ನವರಂಗಪುರದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಅಹಮದಾಬಾದಿನಿಂದ ವಡೋದರಾ, ವಡೋದರಾದಿಂದ ಸೂರತ್, ಹೀಗೆ ಗಾಜಿನ ಎಳೆ ಎಳೆದು ಅದರೊಳಗೆ ಬೆಳಕಿನ ಮೂಲಕ ಫೋನು ಕರೆ ಸಾಗಿಸುವ ದೊಡ್ಡ ಕೆಲಸ ಆಗ ನಡೆದಿತ್ತು. ಅದಕ್ಕೆ ಬರುವ ಸಾಮಾನನ್ನು ಪರೀಕ್ಷೆ ಮಾಡಿ ಪಾಸು ಮಾಡುವ ಸಣ್ಣ ಪಾಲು ನಮ್ಮದು. ಸಂಸ್ಥೆಯ ಹೆಸರೂ ಬೇಡ, ಅದು ಈಗ ಇಲ್ಲವೇ ಇಲ್ಲ.

ನಾನು ಓದು ಮುಗಿಸಿ ನೇರವಾಗಿ ಆಫೀಸರನಾಗಿ ಸೇರಿದವನು. ಕಾಕಾ ಟೆಕ್ನಿಷಿಯನ್ ಆಗಿ ಸೇರಿ, ಮೆಟ್ಟಿಲು ಮೆಟ್ಟಿಲು ಹತ್ತಿ, ಐವತ್ತಾರನೆಯ ವಯಸ್ಸಿಗೆ ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿದ್ದವರು. ನನ್ನನ್ನು ಅವರು "ಸಾಹೇಬ್ರ" ಎಂದೇ ಕರೆಯುತ್ತಿದ್ದರು. ಅದರಲ್ಲಿ ಮುಕ್ಕಾಲು ಪಾಲು ಚೇಷ್ಟೆ, ಕಾಲು ಪಾಲು ಮರ್ಯಾದೆ. ಕುಳ್ಳಗೆ ಇದ್ದರು. ದಪ್ಪ ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು, ಮಾರ್ಚಿನವರೆಗೂ ಬಿಚ್ಚದ ಕಂದು ಸ್ವೆಟರು.

ಸೇರಿದ ವಾರವೇ ನಾನು ವಡೋದರಾದಿಂದ ನಮ್ಮ ಲೈನಿನ ಮುಂದಿನ ಸ್ಟೇಷನ್ನಿನವರೆಗಿನ ಬೆಳಕಿನ ಲೆಕ್ಕ ಮಾಡಿ ಅವರ ಮುಂದೆ ಇಟ್ಟೆ. ಲೆಕ್ಕ ಇಷ್ಟೇ: ಈ ತುದಿಯಲ್ಲಿ ಲೇಸರ್ ಕಾರ್ಡು ಇಷ್ಟು ಬೆಳಕು ಬಿಡುತ್ತದೆ, ದಾರಿಯ ಎಳೆ ಇಷ್ಟು ತಿನ್ನುತ್ತದೆ, ಒಂದೊಂದು ಜೋಡಣೆ ಇಷ್ಟಿಷ್ಟು ತಿನ್ನುತ್ತದೆ, ಆ ತುದಿಗೆ ಇಷ್ಟು ಉಳಿಯುತ್ತದೆ. ತಿಂದದ್ದನ್ನು ಡೆಸಿಬಲ್‌ನಲ್ಲಿ ಹೇಳುತ್ತೇವೆ. ಮೂರು ಡೆಸಿಬಲ್ ಹೋದರೆ ಅರ್ಧ ಬೆಳಕು ಹೋಯಿತು ಎಂದರ್ಥ. ನನ್ನ ಲೆಕ್ಕದಲ್ಲಿ ಆ ತುದಿಗೆ ಬೇಕಾದ್ದಕ್ಕಿಂತ ಧಾರಾಳ ಬೆಳಕು ಉಳಿದಿತ್ತು.

ಕಾಕಾ ಲೆಕ್ಕ ನೋಡಲಿಲ್ಲ. ತಯಾರಕರ ಸ್ಪೆಸಿಫಿಕೇಶನ್ ಹಾಳೆ ತೆಗೆದರು. ಅದರಲ್ಲಿ ಪ್ರತಿ ಗುಣಕ್ಕೂ ಮೂರು ಕಾಲಂ ಇರುತ್ತವೆ: ಕನಿಷ್ಠ, ಸಾಮಾನ್ಯ, ಗರಿಷ್ಠ. ಕಾಕಾ ಜೇಬಿನಿಂದ ಯಾವುದೋ ಮದುವೆಯ ಕರೆಯೋಲೆಯಿಂದ ಕತ್ತರಿಸಿದ ಉದ್ದನೆಯ ಪಟ್ಟಿ ತೆಗೆದು ನಡುವಿನ ಕಾಲಮನ್ನು ಮುಚ್ಚುವಂತೆ ಇಟ್ಟರು. ಪಟ್ಟಿಯ ಮೇಲೆ ಅರ್ಧ ಗಣಪತಿ ಉಳಿದುಕೊಂಡಿದ್ದ.

"ಈಗ ಮಾಡ್ರಿ ಸಾಹೇಬ್ರ."

"ಇದ್ಯಾಕೆ ಮುಚ್ಚಿದ್ರಿ ಸಾರ್? ಟಿಪಿಕಲ್ ಅಂದ್ರೆ ಸಾಮಾನ್ಯವಾಗಿ ಬರೋದು ಅದೇ ತಾನೇ?"

"ನಡುವಿನ ಕಾಲಂ ಅಂದ್ರ ಹೆಣ್ಣು ನೋಡ್ಲಿಕ್ಕೆ ಬಂದ ದಿನದ ಮಾತು. ಅವತ್ತು ಎಲ್ಲಾರೂ ಛಲೋನ ಇರ್ತಾರ. ಈ ಎರಡೂ ಕಡೀವು ಲಗ್ನ ಆದ ಮ್ಯಾಲಿನವು. ನಾವು ಸಂಸಾರ ಮಾಡೂದು ಇವುಗಳ ಜೋಡಿ."

ಕಾರ್ಡಿನ ಬೆಳಕಿಗೆ ಕನಿಷ್ಠ, ಜೋಡಣೆಯ ನಷ್ಟಕ್ಕೆ ಗರಿಷ್ಠ, ಹೀಗೆ ಹಾಕಿ ಮತ್ತೆ ಕೂಡಿ ಕಳೆದೆ. ಧಾರಾಳವಾಗಿದ್ದದ್ದು ಒಂದು ಡೆಸಿಬಲ್‌ಗಿಂತ ಕಡಿಮೆಗೆ ಇಳಿಯಿತು. ಅಷ್ಟಕ್ಕೇ ಬಿಡಲಿಲ್ಲ. ಹಾಳೆಯ ಕೆಳಗಿನ ಸಣ್ಣ ಅಕ್ಷರವನ್ನು ಓದಲು ಹೇಳಿದರು. ಅವರು ಯಾವ ಹಾಳೆಯನ್ನೂ ಕೆಳಗಿನಿಂದ ಮೇಲಕ್ಕೆ ಓದುವವರು. "ಎಲ್ಲ ಅಳತೆ ಇಪ್ಪತ್ತೈದು ಡಿಗ್ರಿ ಉಷ್ಣತೆಯಲ್ಲಿ" ಎಂದು ಅಲ್ಲಿ ಬರೆದಿತ್ತು.

"ಈ ಇಪ್ಪತ್ತೈದು ಡಿಗ್ರಿ ಯಾವ ಊರಿಂದ್ರಿ? ಅಹಮದಾಬಾದಿಂದೋ, ವಡೋದರಾದ್ದೋ, ಸೂರತ್ತಿಂದೋ? ನಾ ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆತು. ಮೇ ತಿಂಗಳದಾಗ ಒಮ್ಮೆನೂ ಭೆಟ್ಟಿ ಆಗಿಲ್ಲ."

ಆ ಮಾತನ್ನು ನೆನಪಿಟ್ಟುಕೊಳ್ಳಿ. ಅದರ ಕಥೆ ಇನ್ನೂ ಇದೆ.

ಬಿಸಿಯಲ್ಲಿ ಲೇಸರಿನ ಬೆಳಕು ಕುಗ್ಗುತ್ತದೆ. ಆದ್ದರಿಂದ ಪ್ರತಿ ಕಾರ್ಡನ್ನೂ ಬಿಸಿ ಪೆಟ್ಟಿಗೆಯಲ್ಲಿಟ್ಟು, ಮೇ ತಿಂಗಳ ಸೂರತ್ತಿಗಿಂತ ಒಂದು ಕೈ ಹೆಚ್ಚೇ ಕಾಯಿಸಿ, ಆಮೇಲೆ ಬೆಳಕು ಅಳೆಯಬೇಕು ಎನ್ನುವುದು ಕಾಕಾನ ಕಾಯಿದೆ. ಜೋಡಣೆಗಳಾದರೆ ಹತ್ತು ಸಲ ಬಿಚ್ಚಿ, ಒರೆಸಿ, ಹತ್ತು ಸಲ ಹಾಕಿ ಅಳೆಯಬೇಕು. ಹತ್ತರಲ್ಲಿ ಅತಿ ಕೆಟ್ಟದ್ದು ಯಾವುದೋ ಅದನ್ನೇ ಬರೆಯಬೇಕು. ಸರಾಸರಿ ಎಂದವರನ್ನು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಸರಾಸರಿಯಲ್ಲಿ ಯಾರೂ ಫೋನು ಮಾಡುವುದಿಲ್ಲ, ಒಂದು ಜೋಡಣೆಯ ಮೂಲಕ ಮಾಡುತ್ತಾರೆ ಎನ್ನುತ್ತಿದ್ದರು.

ಇದೆಲ್ಲ ಕೇಳಲು ಚೆಂದ. ಜೊತೆಗೆ ಕೆಲಸ ಮಾಡುವವರಿಗೆ ಪ್ರಾಣಸಂಕಟ. ಒಂದು ವಾರದ ಕೆಲಸಕ್ಕೆ ಮೂರು ವಾರ. ವಡೋದರಾದಿಂದ ಒಮ್ಮೆ ಸರಬರಾಜುದಾರರ ಕಡೆಯವನೊಬ್ಬ ಸಾಮಾನಿನ ಜೊತೆ ಖಾಖ್ರಾ, ಫಾಫ್ಡಾ ಎನ್ನುವ ಅಲ್ಲಿಯ ಕುರುಕಲು ತಿಂಡಿಯ ಎರಡು ಡಬ್ಬಿ ಹಿಡಿದುಕೊಂಡು ಬಂದ. ಬಧು ಓಕೆ ಛೆ, ಎಲ್ಲ ಸರಿ ಇದೆ ಕಾಕಾ ಎಂದ. ಕಾಕಾ ಡಬ್ಬಿಯನ್ನು ಕಪಾಟಿನಲ್ಲಿಟ್ಟು, "ಅಳತಿ ಮುಗೀಲಿ, ಆಮ್ಯಾಲೆ ತಿನ್ನೂಣು" ಎಂದರು. ನಾಲ್ಕು ದಿನ ಅಳೆದು ಇಡೀ ಲಾಟನ್ನು ವಾಪಸು ಕಳಿಸಿದರು. ಕಳಿಸಿದ ಮೇಲೆ ಡಬ್ಬಿ ತೆಗೆದು ಎಲ್ಲರಿಗೂ ಹಂಚಿ, ತಾವೂ ಎರಡು ತಿಂದು, ಸರಬರಾಜುದಾರನಿಗೆ ಫೋನು ಮಾಡಿ ಖಾಖ್ರಾ ಭಾಳ ರುಚಿ ಇತ್ತು ಎಂದು ಉಪಚಾರದ ಮಾತು ಹೇಳಿದರು. ಆ ಮನುಷ್ಯ ಆಮೇಲೆ ಡಬ್ಬಿ ತರಲಿಲ್ಲ. ಸಾಮಾನು ಮಾತ್ರ ಒಳ್ಳೆಯದು ತಂದ.

ಅವರಿಗೆ ಇದ್ದ ಒಂದೇ ಜಂಬ ಅವರ ಸಹಿ. ಪರೀಕ್ಷೆಯ ಹಾಳೆ ಇಂಗ್ಲಿಷಿನಲ್ಲಿ, ಆಫೀಸು ಗುಜರಾತಿನಲ್ಲಿ, ಸಹಿ ಮಾತ್ರ ಕನ್ನಡದಲ್ಲಿ. ಪೂರ್ತಿ ಹೆಸರು, ಸುತ್ತಿ ಸುತ್ತಿ ಬರೆಯುತ್ತಿದ್ದರು. ನಮ್ಮ ಗುಮಾಸ್ತರು ಅದಕ್ಕೆ ಜಲೇಬಿ ಎಂದು ಹೆಸರಿಟ್ಟಿದ್ದರು. "ಜಲೇಬಿ ಥಯಿ ಗಯಿ?" ಎಂದು ಕೇಳಿದರೆ ಕಾಕಾನ ಸಹಿ ಆಯಿತೇ ಎಂದರ್ಥ. ವಡೋದರಾ ಸ್ಟೇಷನ್ನಿನಲ್ಲಿ ಒಬ್ಬ ಹಿರಿಯ ಟೆಕ್ನಿಷಿಯನ್ ಇದ್ದ. ಹಾಳೆಯ ಮೇಲೆ ಜಲೇಬಿ ಇಲ್ಲದ ಕಾರ್ಡನ್ನು ಅವನು ಪೆಟ್ಟಿಗೆಯಿಂದಲೇ ತೆಗೆಯುತ್ತಿರಲಿಲ್ಲ.

ಹಾಳೆಯಲ್ಲಿ ಸಹಿಗೆ ಎರಡು ಜಾಗ. ಒಂದು ಅಳೆದವರದು, ಇನ್ನೊಂದು ನೋಡಿದವರದು. ತಾವು ಅಳೆಯದೆ, ಅಥವಾ ಅಳೆಯುವಾಗ ಎದುರಿಗೆ ನಿಲ್ಲದೆ ಕಾಕಾ ಎಲ್ಲೂ ಸಹಿ ಹಾಕಿದವರಲ್ಲ. ಹಾಕಿದರೆ ಅದೇ ದಿನ, ತಾರೀಖಿನ ಸಮೇತ. ಮಾರನೆಯ ದಿನ ಹಾಕಿ ಎಂದರೆ ಒಪ್ಪುತ್ತಿರಲಿಲ್ಲ. "ನೋಡಿದ ದಿನಾನ ಸಹಿ. ನಾಳೆ ಹಾಕಿದ್ರ ಅದು ನೆನಪು, ಸಾಕ್ಷಿ ಅಲ್ಲ" ಎನ್ನುತ್ತಿದ್ದರು.

ಈ ಕಾಯಿದೆಯನ್ನು ಅವರು ಒಂದೇ ಸಲ ಮುರಿದರು. ನನ್ನನ್ನು ನಂಬಿ ಮುರಿದರು.

ಆ ಜನವರಿಯಲ್ಲಿ ನಲವತ್ತು ಲೇಸರ್ ಕಾರ್ಡು ಬಂದವು. ಬಿಸಿ ಪೆಟ್ಟಿಗೆಯಲ್ಲಿ ಒಮ್ಮೆಗೆ ನಾಲ್ಕು ಹಿಡಿಯುತ್ತಿದ್ದವು, ಪ್ರತಿ ಸಲಕ್ಕೂ ಅರ್ಧ ದಿನ. ಹದಿನಾರನೆಯ ತಾರೀಖಿಗೆ ಕಾರ್ಡು ವಡೋದರಾಕ್ಕೂ ಸೂರತ್ತಿಗೂ ಹೊರಡಲೇಬೇಕಿತ್ತು. ನಡುವೆ ಕಾಕಾಗೆ ಜ್ವರ ಬಂದು ಮಲಗಿದರು. ಅಷ್ಟರಲ್ಲಿ ಮೊದಲ ಇಪ್ಪತ್ತನಾಲ್ಕು ಕಾರ್ಡನ್ನು ನಾನು ಅವರ ಎದುರಿಗೇ, ಕಾಯಿದೆ ಪ್ರಕಾರವೇ ಅಳೆದಿದ್ದೆ. ಉಳಿದದ್ದು ಹದಿನಾರು.

ಅಹಮದಾಬಾದಿನ ಜನವರಿ ಎಂದರೆ ಗಾಳಿಪಟ. ಹದಿನಾಲ್ಕಕ್ಕೆ ಹಬ್ಬ, ಆದರೆ ಊರಿನ ತಲೆ ಎರಡು ದಿನ ಮೊದಲೇ ಆಕಾಶಕ್ಕೆ ತಿರುಗಿರುತ್ತದೆ. ಹದಿಮೂರರ ಬೆಳಿಗ್ಗೆ ಸಹೋದ್ಯೋಗಿಯೊಬ್ಬ ಹಳೆ ಊರಿನ ತನ್ನ ಮನೆಯ ತಾರಸಿಗೆ ಕರೆದ. ಎರಡು ಗಂಟೆ ಹೋಗಿ ಬರೋಣ ಎಂದುಕೊಂಡು ಹೋದೆ. ಸಂಜೆಯವರೆಗೆ ಅಲ್ಲೇ ಇದ್ದೆ. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಎಳೆದು ತೋರುಬೆರಳು ಕೊಯ್ದುಕೊಂಡೆ. ನನ್ನ ಮದುವೆಯಾಗಿ ಆರು ತಿಂಗಳಾಗಿತ್ತು. ಹೆಂಡತಿ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತು ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಇರಲಿಲ್ಲ.

ಆಫೀಸಿಗೆ ಹಿಂದಿರುಗಿ ತಯಾರಕರ ಹಾಳೆ ತೆಗೆದೆ. ಬಿಸಿಯಲ್ಲಿ ಬೆಳಕು ಎಷ್ಟಿರುತ್ತದೆ ಎನ್ನುವ ನಡುವಿನ ಕಾಲಮಿನ ಅಂಕಿಯನ್ನು ನೋಡಿ, ಹದಿನಾರು ಕಾರ್ಡಿಗೂ ಅದರ ಆಸುಪಾಸಿನ ಅಂಕಿ ಬರೆದೆ. ನಿಜವಾದ ಅಳತೆ ಯಾವತ್ತೂ ಒಂದೇ ಬರುವುದಿಲ್ಲ, ಎರಡನೆಯ ದಶಮಾಂಶ ಅಲ್ಲಾಡುತ್ತಲೇ ಇರುತ್ತದೆ ಎಂದು ಕಾಕಾ ಹೇಳಿಕೊಟ್ಟಿದ್ದರು. ನಾನು ಎರಡನೆಯ ದಶಮಾಂಶವನ್ನು ಚೆನ್ನಾಗಿ ಅಲ್ಲಾಡಿಸಿದೆ. ಅವರು ಕಲಿಸಿದ್ದನ್ನೇ ಅವರಿಗೆ ಮೋಸ ಮಾಡಲು ಬಳಸಿದೆ.

ಹದಿನೈದರ ಸಂಜೆ ಹಾಳೆಗಳನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಕಾಕಾ ಕಂಬಳಿ ಹೊದ್ದು ಕೂತಿದ್ದರು. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ನನ್ನ ಅಂಗೈಗೆ ಕುಸುರೆಳ್ಳು ಹಾಕಿ, ಸಂಕ್ರಾಂತಿಯಂದು ಹೇಳುವ ಒಳ್ಳೆಯ ಮಾತು ಹೇಳಿದರು. ಬಾಯಿಗೆ ಹಾಕಿಕೊಂಡೆ.

ಕಾಕಾ ಹಾಳೆಗಳನ್ನು ಒಂದೊಂದಾಗಿ ನೋಡಿದರು. "ಬೆರಳಿಗೆ ಏನಾತು?"

"ದಾರ ಕೊಯ್ತು ಕಾಕಾ."

"ಯಾವಾಗ?"

"ಮೊನ್ನೆ" ಎಂದುಬಿಟ್ಟೆ. ಮೊನ್ನೆ ಎಂದರೆ ಹದಿಮೂರು, ಅರ್ಧ ಹಾಳೆಗಳ ಮೇಲೆ ನಾನು ಹಾಕಿದ ತಾರೀಖು.

ಅವರು ಪೆನ್ನಿನ ಮುಚ್ಚಳ ತೆಗೆದರು. "ಹದಿನಾರೂ ನೀವ ಅಳದೀರಿ?"

"ಅಳೆದಿದೀನಿ ಕಾಕಾ."

ಬಾಯಲ್ಲಿ ಇನ್ನೂ ಎಳ್ಳಿನ ಸಿಹಿ ಇತ್ತು. ಅವರು ಎರಡನೆಯ ಸಲ ಕೇಳಲಿಲ್ಲ. ನೋಡಿದವರು ಎನ್ನುವ ಜಾಗದಲ್ಲಿ ನಿಧಾನವಾಗಿ ಜಲೇಬಿ ಸುತ್ತಿದರು, ಹದಿನಾರು ಸಲ. ಆಮೇಲೆ, "ನಿಮ್ಮ ಮ್ಯಾಲೆ ಬಿಟ್ಟೀನ್ರಿ ಸಾಹೇಬ್ರ" ಎಂದು ಕಂಬಳಿ ಮೇಲಕ್ಕೆಳೆದುಕೊಂಡರು.

ಮೇ ತಿಂಗಳಲ್ಲಿ ಸೂರತ್ತಿನ ಅಂಚಿನ ಉಧ್ನಾದ ನಮ್ಮ ಸ್ಟೇಷನ್ನಿನಲ್ಲಿ ಏ.ಸಿ. ಕೆಟ್ಟಿತು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಸೂರತ್ತಿನ ಲೈನುಗಳು ಬಿದ್ದುಹೋಗುತ್ತಿದ್ದವು, ಸಂಜೆ ತಂಪಾದ ಮೇಲೆ ತಾವಾಗಿಯೇ ಬರುತ್ತಿದ್ದವು. ಮೂರು ದಿನ ಹೀಗಾಯಿತು. ನಾನೂ ಕಾಕಾನೂ ರೈಲು ಹತ್ತಿ ಹೋದೆವು. ಉಧ್ನಾ ರೈಲು ಸ್ಟೇಷನ್ನಿನೆದುರಿನ ಎಸ್‌ಟಿಡಿ ಬೂತಿನಲ್ಲಿ ಒಬ್ಬ ಮಗ್ಗದ ಕೆಲಸಗಾರ ಒಂದೇ ನಂಬರನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಬೂತಿನವನು, "ಮಧ್ಯಾಹ್ನದಿಂದ ಬಂದು ನಿಂತಿದ್ದಾನೆ, ಊರಲ್ಲಿ ಹೆಂಡತಿಗೆ ಹೆರಿಗೆಯಂತೆ, ಲೈನೇ ಸಿಗುತ್ತಿಲ್ಲ" ಎಂದು ಹಿಂದಿಯಲ್ಲಿ ನಮಗೆ ದೂರಿದ. ಕಾಕಾ ನಿಂತು ಅವನನ್ನೇ ನೋಡಿದರು. ನಾನು ಆಟೋ ಕರೆಯುವ ನೆಪದಲ್ಲಿ ಮುಂದೆ ಹೋದೆ.

ನಮ್ಮ ಸ್ಟೇಷನ್ನಿನಲ್ಲಿ ಕಾಕಾ ಕಾರ್ಡನ್ನು ಬಿಸಿಯಲ್ಲೇ ಅಳೆದರು. ಬೆಳಕು ಕನಿಷ್ಠಕ್ಕಿಂತ ಮೂರು ಡೆಸಿಬಲ್ ಕೆಳಗಿತ್ತು. ಅರ್ಧ ಬೆಳಕೇ ಇಲ್ಲ. ಕಾರ್ಡಿನ ನಂಬರ್ ನೋಡಿದರು. ನನ್ನ ಹದಿನಾರರಲ್ಲಿ ಒಂದು. ಹದಿನಾರನ್ನೂ ತರಿಸಿ ಅಳೆದಾಗ ಒಂಬತ್ತು ಹಾಗೇ ಇದ್ದವು. ಬಿಸಿ ಪೆಟ್ಟಿಗೆಯಲ್ಲಿ ಅರ್ಧ ದಿನ ಇಟ್ಟಿದ್ದರೆ ಜನವರಿಯಲ್ಲೇ ಸಿಕ್ಕಿಬೀಳುತ್ತಿದ್ದವು.

ವಿಚಾರಣೆಗೆ ಮೇಲಿನವರೊಬ್ಬರು ಬಂದರು. ನವರಂಗಪುರದ ಆಫೀಸಿನಲ್ಲೇ ಕೂತರು. ಎದುರಿಗೆ ನಾನು ಮತ್ತು ಕಾಕಾ, ಮೇಜಿನ ಮೇಲೆ ಜನವರಿಯ ಹಾಳೆ ಮತ್ತು ಮೇ ತಿಂಗಳ ಹಾಳೆ. ಪ್ರಶ್ನೆ ಒಂದೇ. ಇದೇ ಕಾರ್ಡು ಜನವರಿಯಲ್ಲಿ ಬಿಸಿಯಲ್ಲೂ ಚೆನ್ನಾಗಿತ್ತು ಎಂದು ಬರೆದಿದ್ದೀರಿ, ಅದು ಹೇಗೆ?

ಮೊದಲು ಕಾಕಾನನ್ನು ಕೇಳಿದರು. ಅವರು ಎದ್ದು ನಿಂತು, "ಸಹಿ ನನ್ನದು ಸರ್. ಅಳೆಯುವಾಗ ನಾನು ಎದುರಿಗೆ ಇರಲಿಲ್ಲ. ಇರದೆ ಸಹಿ ಹಾಕಿದ್ದು ನನ್ನ ತಪ್ಪು" ಎಂದು ಹಿಂದಿಯಲ್ಲಿ ಹೇಳಿದರು. ಅಷ್ಟೇ. ನನ್ನ ಕಡೆ ಬೆರಳು ಮಾಡಲಿಲ್ಲ.

ಆಮೇಲೆ ನನ್ನನ್ನು ಕೇಳಿದರು. ನಾನು ಆಗ ಪ್ರೊಬೇಷನ್ನಿನಲ್ಲಿದ್ದೆ. ಸುಳ್ಳು ಅಂಕಿ ಬರೆದೆ ಎಂದರೆ ಅವತ್ತೇ ಮನೆಗೆ. ಹೆಂಡತಿ ಬಸುರಿ. ಇದನ್ನೆಲ್ಲ ಕ್ಷಮೆ ಸಿಗಲಿ ಎಂದು ಬರೆಯುತ್ತಿಲ್ಲ, ಆ ಹೊತ್ತಿನಲ್ಲಿ ತಲೆಯಲ್ಲಿ ಓಡಿದ್ದು ಇದು. ಬಾಯಿಂದ ಬಂದದ್ದು ಬೇರೆ.

"ನಾನು ಕ್ರಮದ ಪ್ರಕಾರವೇ ಅಳೆದೆ ಸರ್. ಮೀಟರ್ ಹೆಚ್ಚು ತೋರಿಸಿರಬಹುದು."

ಮೀಟರ್ ಎಂದರೆ ಬೆಳಕು ಅಳೆಯುವ ಯಂತ್ರ. ಅದು ಸರಿ ತೋರಿಸುತ್ತಿದೆಯೇ ಎಂದು ನೋಡುವ ಜವಾಬ್ದಾರಿ ಪೂರ್ತಿ ಕಾಕಾನದು. ಅದರ ಜೊತೆ ಹೋಲಿಸಲು ಇನ್ನೊಂದು ಮೀಟರನ್ನು ಅವರು ಹಳೆಯ ಧೋತರದಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರು. ಪ್ರತಿ ಸೋಮವಾರ ಎರಡನ್ನೂ ಹೋಲಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಆ ಮೀಟರಿನ ಮೇಲೆ ನಾನು ಗೂಬೆ ಕೂರಿಸಿದೆ. ಕಾಕಾ ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿರಲಿಲ್ಲ. ಯಾವುದೋ ಅಂಕಿ ಸರಿ ಕಾಣದಿದ್ದಾಗ ಕನ್ನಡಕ ಮೇಲೆ ಮಾಡಿ ಇನ್ನೊಮ್ಮೆ ಓದುತ್ತಿದ್ದರಲ್ಲ, ಹಾಗೆ ನೋಡಿದರು.

ಬಂದವರಿಗೆ ರೈಲಿನ ಹೊತ್ತಾಗಿತ್ತು. ಮೀಟರಿನ ಮಾತು ಎಲ್ಲರಿಗೂ ಅನುಕೂಲವಾಗಿತ್ತು. ಬರೆದುಕೊಂಡು ಹೊರಟರು.

ಅವರು ಹೋದ ಮೇಲೆ ಕಾಕಾ ಟೆಸ್ಟ್ ರೂಮಿಗೆ ಬಂದು ಧೋತರ ಬಿಚ್ಚಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದೇ ಬೆಳಕನ್ನು ಎರಡೂ ಮೀಟರಿಗೆ ಕೊಟ್ಟು ಓದಿದರು. ವ್ಯತ್ಯಾಸ ಎರಡನೆಯ ದಶಮಾಂಶದಲ್ಲಿ ಮಾತ್ರ. ನೋಟ್‌ಬುಕ್ಕಿನಲ್ಲಿ ಅಂಕಿ ಬರೆದು, ಅಳೆದವರು ಎನ್ನುವಲ್ಲಿ ಸಹಿ ಹಾಕಿ, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನೋಡಿದವರು ಎನ್ನುವ ಜಾಗ ಖಾಲಿ ಇತ್ತು.

"ಮೀಟರ್ ಸರಿ ಅದರಿ ಸಾಹೇಬ್ರ."

ಆ ಪುಟವನ್ನು ಯಾರಿಗೆ ತೋರಿಸಿದರೂ ನನ್ನ ಕಥೆ ಮುಗಿಯುತ್ತಿತ್ತು. ನಾನು ಪೆನ್ನು ಮುಟ್ಟಲಿಲ್ಲ. ಚಹಾ ಬಂದಿರಬೇಕು, ನೋಡ್ತೀನಿ ಎಂದೆ. ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದರು: "ನಿಮ್ಮ ಪ್ರೊಬೇಷನ್ ಯಾವಾಗ ಮುಗೀತದ?"

"ನವೆಂಬರಿಗೆ ಕಾಕಾ."

"ಹೂಂ" ಎಂದು ಪುಸ್ತಕ ಮುಚ್ಚಿದರು. ಅದನ್ನು ಅವರು ಯಾರಿಗೂ ತೋರಿಸಲಿಲ್ಲ.

ಒಂದು ತಿಂಗಳಲ್ಲಿ ಆದೇಶ ಬಂತು. ಉಪಕರಣದ ಮೇಲೆ ನಿಗಾ ಇಡದ ಕಾರಣ ಅವರನ್ನು ಟೆಸ್ಟ್ ರೂಮಿನಿಂದ ತೆಗೆದು ಉಧ್ನಾದ ಸ್ಟೋರಿಗೆ ಹಾಕಲಾಗಿದೆ. ಇನ್ನು ಮುಂದೆ ಅವರು ಪರೀಕ್ಷೆಯ ಹಾಳೆಗಳಿಗೆ ಸಹಿ ಹಾಕತಕ್ಕದ್ದಲ್ಲ. ನಿವೃತ್ತಿಗೆ ಮೊದಲು ಟೆಸ್ಟ್ ರೂಮಿನ ಮುಖ್ಯಸ್ಥರಾಗುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆ ಕುರ್ಚಿಗೆ ನಾನು ಬಂದೆ.

ನನ್ನ ಸಹಿಯೊಂದೇ ಇದ್ದ ಮೊದಲ ಲಾಟು ಹೋದ ದಿನ ವಡೋದರಾದ ಆ ಹಿರಿಯ ಟೆಕ್ನಿಷಿಯನ್ ಫೋನು ಮಾಡಿದ. "ಸಾಹೇಬ್, ಜಲೇಬಿ ನಥಿ?" ಜಲೇಬಿ ಇಲ್ಲವೇ ಎಂದು. ಇನ್ನು ಜಲೇಬಿ ಬರುವುದಿಲ್ಲ, ನನ್ನ ಸಹಿಯೇ ನಡೆಯುತ್ತದೆ ಎಂದೆ. ಸರಿ ಸಾಹೇಬ್ ಎಂದು ಫೋನು ಇಟ್ಟ.

ನವೆಂಬರ್ ಬಂತು. ನನ್ನ ಕೆಲಸ ಕಾಯಂ ಆಯಿತು. ಡಿಸೆಂಬರ್ ಬಂತು. ಮಗು ಹುಟ್ಟಿತ್ತು, ಈಗ ಬೇಡ ಎಂದುಕೊಂಡೆ. ಮಾರ್ಚಿನಲ್ಲಿ ಸೂರತ್ ಬಳಿಯ ಹಜೀರಾದ ಒಂದು ಕಾರ್ಖಾನೆಗೆ ಕೆಲಸದ ಮೇಲೆ ಹೋದಾಗ ಗಟ್ಟಿ ಮನಸ್ಸು ಮಾಡಿ ಉಧ್ನಾದಲ್ಲಿ ಇಳಿದೆ. ಕಾಕಾ ಕೇಬಲ್ ಉರುಳೆಗಳ ನಡುವೆ ಸ್ಟೂಲಿನ ಮೇಲೆ ಕೂತು ಪಟ್ಟಿಗೆ ಟಿಕ್ ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತರು. "ಬರ್ರಿ ಬರ್ರಿ ಸಾಹೇಬ್ರ! ಕೂಸು ಆರಾಮ ಅದ ಏನು?" ಎಂದು ಪಕ್ಕದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ ಇಡ್ಲಿ ತರಿಸಿದರು. ಬಿಸಿ ಪೆಟ್ಟಿಗೆ ಹೇಗಿದೆ, ಸೋಮವಾರ ಮೀಟರು ಹೋಲಿಸುತ್ತೀರಾ ಎಂದೆಲ್ಲ ವಿಚಾರಿಸಿದರು.

"ಕಾಕಾ, ಆ ಮೀಟರಿನ ವಿಷಯ" ಎಂದು ಶುರು ಮಾಡಿದೆ.

ಅವರು ಕೈ ಒರೆಸಿಕೊಂಡರು. ಮೊದಲ ಸಲ ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ನನಗ ಹೇಳಿ ಏನ್ ಮಾಡ್ತೀರಿ? ನನಗ ಗೊತ್ತದ. ಗೊತ್ತಿಲ್ಲದವರಿಗೆ ಹೇಳ್ರಿ."

ಹೇಳುತ್ತೇನೆ ಎಂದೆ. ಅವರು ಬಿಲ್ಲು ಕೊಡಲು ಎದ್ದರು. ಅದೇ ಕೊನೆ, ಮತ್ತೆ ನಾನು ಅವರನ್ನು ನೋಡಲಿಲ್ಲ. ಮುಂದಿನ ವರ್ಷ ಅವರು ಆ ಸ್ಟೋರಿನಿಂದಲೇ ನಿವೃತ್ತರಾದರು. ಬೀಳ್ಕೊಡುಗೆಗೆ ನನಗೆ ಕಾಗದ ಬಂದಿತ್ತು. ಕೆಲಸದ ಒತ್ತಡ ಎಂದು ತಂತಿ ಕಳಿಸಿದೆ.

ಆಮೇಲೆ ನಾನು ಒಂದು ಕಾರ್ಡನ್ನೂ ಅಳೆಯದೆ ಬಿಟ್ಟಿಲ್ಲ. ಅದು ನಿಜ. ಆದರೆ ಅದರಿಂದ ಕಾಕಾಗೆ ಏನೂ ಸಿಗಲಿಲ್ಲ, ನನಗೆ ಹೆಸರು ಸಿಕ್ಕಿತು. ಊರೂರು ತಿರುಗಿ ಹುಡುಗರಿಗೆ ಪಾಠ ಹೇಳಿದೆ. ನಡುವಿನ ಕಾಲಂ ಮುಚ್ಚಿ ತೋರಿಸಿದೆ, ಹೆಣ್ಣು ನೋಡುವ ದಿನದ ಮಾತು ಹೇಳಿ ನಗಿಸಿದೆ. ಎರಡು ವರ್ಷದ ಹಿಂದೆ ನಾನು ನಿವೃತ್ತನಾದಾಗ ಕಿರಿಯರೆಲ್ಲ ಸೇರಿ ಒಂದು ಚೌಕಟ್ಟು ಕೊಟ್ಟರು. ಗಾಜಿನೊಳಗೆ ದೊಡ್ಡ ಅಕ್ಷರದಲ್ಲಿ, "ಈ ಇಪ್ಪತ್ತೈದು ಡಿಗ್ರಿ ಯಾವ ಊರಿನದು?" ಕೆಳಗೆ ನನ್ನ ಹೆಸರು. ಇದು ನನ್ನ ಮಾತಲ್ಲ ಎಂದು ಹೇಳಲು ಕೈಯಲ್ಲಿ ಮೈಕೇ ಇತ್ತು. ಥ್ಯಾಂಕ್ಯೂ ಎಂದೆ. ಮೊನ್ನೆ ಮೊನ್ನೆಯವರೆಗೂ ಅದು ನಮ್ಮ ಹಾಲಿನಲ್ಲಿ ತೂಗುತ್ತಿತ್ತು.

ಪಾರ್ಸಲ್ ಹೋದ ವಾರ ಬಂತು. ಹನ್ನೊಂದು ನೋಟ್‌ಬುಕ್ಕು. ಆ ಮೇ ತಿಂಗಳದ್ದನ್ನು ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಕರೆಯೋಲೆಯ ಪಟ್ಟಿ ಅದೇ ಪುಟದಲ್ಲಿತ್ತು. ಅರ್ಧ ಗಣಪತಿ ಮಾಸಿಹೋಗಿದ್ದಾನೆ. ತಾರೀಖು ಇದೆ, ಎರಡು ಮೀಟರಿನ ಅಂಕಿ ಇದೆ, ಅಳೆದವರು ಎನ್ನುವಲ್ಲಿ ದುಂಡಗೆ ಜಲೇಬಿ ಇದೆ. ನನ್ನ ಬಗ್ಗೆ ಒಂದು ಅಕ್ಷರ ಇಲ್ಲ. ನೋಡಿದವರು ಎನ್ನುವ ಜಾಗ ಇನ್ನೂ ಖಾಲಿ ಇದೆ.

ಸಹಿ ಹಾಕಲು ಪೆನ್ನು ತೆಗೆದೆ. ಹಾಕಲಿಲ್ಲ. ನೋಡಿದ ದಿನವೇ ಹಾಕಬೇಕಾದ ಸಹಿ ಅದು. ಈಗ ಹಾಕಿದರೆ ಅವರ ಪುಸ್ತಕದಲ್ಲಿ ಅದೊಂದೇ ಸುಳ್ಳಾಗುತ್ತದೆ. ಪುಸ್ತಕ ಮುಚ್ಚಿ, ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಇದನ್ನು ಬರೆಯಲು ಕೂತೆ.

ಗೊತ್ತಿಲ್ಲದವರಿಗೆ ಹೇಳ್ರಿ ಎಂದಿದ್ದರು. ಹೇಳುತ್ತಿದ್ದೇನೆ. ಆವತ್ತು ಮೀಟರ್ ಸರಿ ಇತ್ತು. ನಾನು ನೋಡಿದ್ದೆ.